ಹೆಗಲಿಗೆ ಕೂರದ ಕೋವಿ

ಕಳಸ
12 ಜೂನ್ 1997

ಪ್ರೀತಿಯ ಅಜ್ಜನಿಗೆ,

ಎಲ್ಲರೂ ಕ್ಷೇಮವೆಂದು ಮೊದಲ ಸಾಲಿನಲ್ಲಿ ಬರೆಯುವುದು ರೂಢಿ. ನಿಮ್ಮ ತಂಗಿ ಗಿರಿಜಜ್ಜಿ ಕ್ಷೇಮ, ಅವರ ಪಾತ್ರೆ ಅಂಗಡಿ ಕ್ಷೇಮ, ಅಂಗಡಿಯ ಬೆಕ್ಕೂ ಕ್ಷೇಮ. ನಾನು ಮಾತ್ರ ಸಿಟ್ಟಿನಲ್ಲಿದ್ದೇನೆ. ಇಲ್ಲದ್ದನ್ನು ಇದೆಯೆಂದು ಬರೆಯಲು ನನಗೆ ಬರುವುದಿಲ್ಲ. ಮಾಡದ ಪ್ರಯೋಗದ ಫಲಿತಾಂಶವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಲಾರೆ ಅಂತ ತಾನೇ ನಾನು ಪಿಯುಸಿ ಬಿಟ್ಟದ್ದು?

ಅಪ್ಪ ನನ್ನನ್ನು ಬಸ್ಸು ಹತ್ತಿಸುವಾಗ ಹೇಳಿದ ಮಾತು ನಿಮಗೆ ಕೇಳಿಸಿತೋ ಇಲ್ಲವೋ. ನೀವು ಜಗಲಿಯಲ್ಲಿ ಕೂತು ಎಲೆಯಡಿಕೆ ಚೀಲದಲ್ಲಿ ಏನನ್ನೋ ಹುಡುಕುತ್ತಲೇ ಇದ್ದಿರಿ. "ಕಮಿಟಿಯವರಿಗೆ ಎರಡು ಸಾಲು ಕ್ಷಮಾಪಣೆ ಬರೆದು ಕಳ್ಸು, ಅವತ್ತೇ ಬಾಗಿಲು ತೆಗೀತೀನಿ. ಇಲ್ದಿದ್ರೆ ನಿನ್ನ ಗಿರಿಜಜ್ಜಿ ಜೊತೆ ಅಲ್ಲೇ ಕೊಡಪಾನ ಮಾರ್ಕೊಂಡಿರು" ಎಂದರು.

ನಾನು ಹೇಳಿದ್ದೇನು, ಯಾಕೆ ಹೇಳಿದೆ ಎಂಬುದನ್ನು ಒಮ್ಮೆ ಸಾಲಾಗಿ ಬರೆದುಬಿಡುತ್ತೇನೆ. ಅವತ್ತಿನ ಗಲಾಟೆಯಲ್ಲಿ ಬಾಯಿ ಬಿಡದವರು ನೀವೊಬ್ಬರೇ.

ಸ್ವಾತಂತ್ರ್ಯಕ್ಕೆ ಐವತ್ತು ತುಂಬುತ್ತದೆಂದು ಗೋಣಿಬೀಡಿನಲ್ಲಿ ಕಮಿಟಿ ಆಯಿತು. ಬಸ್ ನಿಲ್ದಾಣದ ಮುಂದೆ ಮುತ್ತಜ್ಜ ಹಾಲಪ್ಪನವರ ಹೆಸರಿನ ಕಲ್ಲು ನಿಲ್ಲಿಸುವುದು, ಆಗಸ್ಟ್ ಹದಿನೈದಕ್ಕೆ ಅವರ ಮಗನಾದ ನಿಮಗೆ ಶಾಲು ಹೊದಿಸುವುದು, ವೇದಿಕೆಯ ಮೇಲೆ ನಮ್ಮ ಕೋವಿ ಇಡುವುದು ಎಂದು ನಿಶ್ಚಯವಾಯಿತು. ಕಥೆ ಊರಿಗೆಲ್ಲ ಬಾಯಿಪಾಠ: ಹಾಲಪ್ಪನವರು ಚಾರ್ಮಾಡಿ ಘಾಟಿಯಲ್ಲಿ ಒಬ್ಬ ಬಿಳಿ ಸಿಪಾಯಿಯನ್ನು ಕೆಡವಿ ಕೋವಿ ಕಿತ್ತುಕೊಂಡರು. ಮನೆಗೆ ತಂದು ನೋಡಿದರೆ ಅದರ ಕಬ್ಬಿಣದ ಮೇಲೆ ವೀರಭದ್ರನ ತ್ರಿಶೂಲ ಮೂಡಿತ್ತು. ಪ್ರತಿ ಆಯುಧಪೂಜೆಗೂ ಆ ತ್ರಿಶೂಲಕ್ಕೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು ಕೈಮುಗಿದಿದ್ದೇವೆ. ಪೂಜೆಯ ಹಿಂದಿನ ದಿನ ಕೋವಿಗೆ ಎಣ್ಣೆ ಹಾಕಿ ಒರೆಸುವವಳು ನಾನು. ಪೂಜೆಯ ದಿನ ಅದನ್ನು ಮುಟ್ಟಬಾರದವಳೂ ನಾನೇ.

ಕಥೆಗೆ ಒಂದು ಸಾಕ್ಷಿ ಇರಲಿ ಎಂದು ಜಾವಳಿಯ ಸುಬೇದಾರ್ ದೇವರಾಜರನ್ನು ಕರೆಸಿದ್ದು ಅಪ್ಪನೇ. ಸೈನ್ಯದ ಬಂದೂಕು ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು ಅವರು. ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಲಮಗ್ಗುಲಿನ ಗುರುತುಗಳನ್ನು ಒಂದೊಂದಾಗಿ ಓದಿದರು. ಮೇಲೆ ಕಿರೀಟ. ಅದರ ಕೆಳಗೆ ವಿ.ಆರ್. ಎಂಬ ಎರಡು ಅಕ್ಷರ, ವಿಕ್ಟೋರಿಯಾ ರಾಣಿಯದು. ಮುಂದೆ ಕಾರ್ಖಾನೆಯ ಊರು ಎನ್‌ಫೀಲ್ಡ್, ಇಸವಿ 1878. ಆಮೇಲೆ ನಮ್ಮ ತ್ರಿಶೂಲ.

"ಇದು ತ್ರಿಶೂಲ ಅಲ್ಲ ಕಲ್ಲೇಶಣ್ಣ, ಬಾಣ. ಸರ್ಕಾರದ ಸೊತ್ತು ಅಂತ ಹೊಡೆಯೋ ಮುದ್ರೆ. ಬಂದೂಕು ಅಂತಲ್ಲ, ಗುದ್ದಲಿಗೂ ಇದನ್ನೇ ಹೊಡೀತಿದ್ರು."

"ಅವರ ಸೊತ್ತನ್ನೇ ಅಲ್ವಾ ನಮ್ಮಜ್ಜ ಕಿತ್ಕೊಂಡಿದ್ದು? ಸರಿಯಾಯ್ತಲ್ಲ!" ಎಂದರು ಅಪ್ಪ.

"ಸರಿಯಾಗಲಿಲ್ಲ. ಇಲ್ನೋಡಿ, ಬಾಣದ ಮೂತಿಗೆ ಮೂತಿ ತಾಗಿಸಿ ಇನ್ನೊಂದು ಬಾಣ ಇದೆ. ಸರ್ಕಾರ ತಾನಾಗಿ ಮಾರಿ ಕೈಬಿಟ್ಟ ಬಂದೂಕಿಗೆ ಈ ಎರಡನೇದು ಬೀಳೋದು. ಕಿತ್ಕೊಂಡು ಓಡೋನಿಗೆ ನಿಲ್ಲಿಸಿ ಮುದ್ರೆ ಹೊಡೆದು ಕಳಿಸ್ತಾರಾ?"

ಅಪ್ಪ ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು, ಮಾತು ಇಲ್ಲೇ ಇರಲಿ ಎಂದರು. ಸುಬೇದಾರರು, ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಇಲ್ಲ ಎಂದು ಹೋದರು. ಅವರನ್ನು ಯಾರೂ ಕೇಳಲಿಲ್ಲ. ಕಮಿಟಿಯವರು ಬಂದ ದಿನ ಅಧ್ಯಕ್ಷರು, "ಇದೇ ತಾನೆ ಕಿತ್ತ ಕೋವಿ?" ಎಂದರು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಎದುರಿಗೇ ನಿಂತಿದ್ದೆ. "ಅಲ್ಲ, ಮಾರಿದ ಕೋವಿ" ಎಂದೆ. ಅಷ್ಟೇ ನನ್ನ ಅಪರಾಧ.

ಕ್ಷಮಾಪಣೆ ಬರೆಯುವುದಿಲ್ಲ ಅಜ್ಜ. ಎರಡು ಸಾಲೂ ಇಲ್ಲ, ಅರ್ಧ ಸಾಲೂ ಇಲ್ಲ.

ಆಡಿದ ಮಾತಿಗೆ ನಿಂತ,
ಸೌಜನ್ಯ


ಗೋಣಿಬೀಡು
20 ಜೂನ್ 1997

ಚಿ. ಸೌಜನ್ಯಳಿಗೆ ಅಜ್ಜನ ಆಶೀರ್ವಾದ.

ಕಾಗದ ಬಂತು. ನಿನ್ನ ಅಪ್ಪ ಅಂಗಡಿಗೆ ಹೋದ ಮೇಲೆ ಓದಿಕೊಂಡೆ. ಅಕ್ಷರ ಗುಂಡಾಗಿದೆ, ಮಾತು ಮಾತ್ರ ಮೊನಚು.

ಮಗೂ, ನಿನಗೆ ಹತ್ತೊಂಬತ್ತು. ನಿಜ ಹೇಳಬೇಕು ಎಂಬುದು ಸರಿ. ಎಲ್ಲಿ, ಯಾರೆದುರು, ತಟ್ಟೆ ಕೈಯಲ್ಲಿದ್ದಾಗಲೋ ಇಟ್ಟ ಮೇಲೋ ಎಂಬುದೂ ಇದೆ. ನಿನ್ನ ಅಪ್ಪ ಕೆಟ್ಟವನಲ್ಲ. ನಾವು ಏಲಕ್ಕಿ ಅಂಗಡಿಯವರು. ಸುತ್ತಲಿನ ದೊಡ್ಡ ಎಸ್ಟೇಟಿನವರ ಅಜ್ಜಂದಿರ ಹೆಸರು ಶಾಲೆಯ ಗೋಡೆಯ ಮೇಲಿದೆ, ಆಸ್ಪತ್ರೆಯ ಬೆಂಚಿನ ಮೇಲಿದೆ. ನಮ್ಮ ಹೆಸರು ತಕ್ಕಡಿಯ ಮೇಲೆ ಬಿಟ್ಟರೆ ಎಲ್ಲೂ ಇಲ್ಲ. ಅವನು ಚಿಕ್ಕಂದಿನಿಂದ ಕೇಳಿದ ಕಥೆ ಅದು. ನಲವತ್ತೆಂಟರ ವಯಸ್ಸಿನಲ್ಲಿ ಅದನ್ನು ಕೆಳಗಿಡು ಎಂದರೆ ಎಲ್ಲಿಡುತ್ತಾನೆ?

ಎರಡು ಸಾಲು ಬರೆದುಬಿಡು. ತಪ್ಪಾಯಿತು ಎಂದು ಬೇಡ, ದುಡುಕಿದೆ ಎಂದು ಬರೆ. ದುಡುಕಿದ್ದು ಸುಳ್ಳಲ್ಲವಲ್ಲ.

ಕೋವಿಗೆ ಎಣ್ಣೆ ಹಾಕುವವರಿಲ್ಲ. ನಾನು ಹಾಕಲು ಹೋದರೆ ನೆಲಕ್ಕೆಲ್ಲ ಚೆಲ್ಲಿತು. ನಿನ್ನ ಅಮ್ಮ ನೆಲ ಒರೆಸಿದಳು. ಗುಂಡು ತುಂಬಲು ಎಳೆಯುವ ಆ ಲಿವರ್ ಹತ್ತಿರ ಆಗಲೇ ತುಕ್ಕಿನ ಬಣ್ಣ ಕಾಣುತ್ತಿದೆ.

ಗಿರಿಜೆಗೆ ನನ್ನ ನೆನಪು ಹೇಳು. ಅವಳ ಮಾತು ಹೆಚ್ಚು ಕೇಳಬೇಡ.

ನಿನ್ನ ಅಜ್ಜ,
ಲಿಂಗಪ್ಪ


ಕಳಸ
27 ಜೂನ್ 1997

ಪ್ರೀತಿಯ ಅಜ್ಜನಿಗೆ,

ದುಡುಕಿದೆ ಎಂದು ಬರೆಯಬಹುದಿತ್ತು, ನಿಜವಾಗಿ ದುಡುಕಿದ್ದರೆ. ಸುಬೇದಾರರು ಬಂದು ಹೋದ ಮೇಲೆ, ಕಮಿಟಿಯವರು ಬರುವವರೆಗೂ ನಾನು ಅದನ್ನೇ ಯೋಚಿಸಿದ್ದೆ. ಹೇಳಬಾರದು ಎಂದೂ ಯೋಚಿಸಿದ್ದೆ. ಯೋಚಿಸಿ ಹೇಳಿದ್ದನ್ನು ದುಡುಕು ಎಂದರೆ ಅದೂ ಸುಳ್ಳೇ.

ಇಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಗಿರಿಜಜ್ಜಿಯ ಮೊಮ್ಮಗನ ಲೂನಾ ಹತ್ತಿ ಭದ್ರೆಯ ಸೇತುವೆಯವರೆಗೆ ಹೋಗಿಬಂದೆ. ಪಾತ್ರೆಗಳನ್ನೆಲ್ಲ ಇಳಿಸಿ ಮತ್ತೆ ಜೋಡಿಸಿದೆ. ಅಜ್ಜಿ, "ನೀನು ಹೀಗೆ ಜೋಡಿಸಿದ್ರೆ ಗಿರಾಕಿಗೆ ಬೇಕಾಗಿದ್ದು ಸಿಗಲ್ಲ, ಬೇಡದ್ದೇ ಸಿಗ್ತದೆ ಮಾರಾಯ್ತಿ" ಎಂದರು.

ನಿಮಗೆ ಒಂದು ಪ್ರಶ್ನೆ. ಕಮಿಟಿಗೆ ಇದು ಬೇಡ, ನನಗೆ ಬೇಕು.

ಸುಬೇದಾರರು ಬಾಣ ನೋಡಿದ ಮೇಲೆ ಇನ್ನೊಂದನ್ನೂ ನೋಡಿದರು. ಅಪ್ಪ ಆಗ ಕಾಫಿಗೆ ಹೇಳಲು ಒಳಗೆ ಹೋಗಿದ್ದರು. ಕೋವಿಯನ್ನು ಹೆಗಲಿಗೇರಿಸಿ ಮುಖ ಸಿಂಡರಿಸಿ ಇಳಿಸಿದರು. ಹೆಗಲಿಗೆ ಒತ್ತುವ ಮರದ ಹಿಂಭಾಗವನ್ನು ತಿರುಗಿಸಿ, ಅಲ್ಲಿ ಹೊಡೆದಿದ್ದ ಕಬ್ಬಿಣದ ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದರು. "ಈ ಮರ ಕೊಯ್ದಿದ್ದಾರಮ್ಮ" ಎಂದರು. "ಗಿಡ್ಡ ಸಿಪಾಯಿಗಳಿಗೆ ಕಾರ್ಖಾನೆಯಲ್ಲೇ ಗಿಡ್ಡ ಮರ ಹಾಕೋರು. ಹಾಕಿದ್ರೆ ಗುರುತಿಗೆ ಮೇಲೊಂದು ಅಕ್ಷರ ಹೊಡೀತಿದ್ರು. ಇಲ್ಲಿ ಅಕ್ಷರ ಇಲ್ಲ. ಗರಗಸದ ಗೀರು ಇದೆ. ನಮ್ಮೂರ ಆಚಾರಿ ಕೆಲ್ಸ ಇದು."

ಕಂಬಳಿಯೊಳಗೆ ಬಚ್ಚಿಡಲು ಮುತ್ತಜ್ಜ ಕೊಯ್ಸಿದ್ದು ಎಂದು ಅಪ್ಪ ಹೇಳುತ್ತಾರೆ. ಆದರೆ ಅಜ್ಜ, ಬಚ್ಚಿಡುವವನು ಇಷ್ಟುದ್ದದ ನಳಿಗೆ ಬಿಟ್ಟು ಹಿಂದಿನ ನಾಲ್ಕು ಬೆರಳು ಮರ ಕೊಯ್ಯುತ್ತಾನಾ?

ನಾನು ಕೋವಿ ಒರೆಸುವಾಗ ಎಷ್ಟೋ ಸಲ ಹೆಗಲಿಗೆ ಇಟ್ಟು ನೋಡಿದ್ದೇನೆ. ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ನನಗೆ ಅದು ಸರಿಯಾಗಿ ಕೂರುತ್ತದೆ. ಕೆನ್ನೆ ಎಲ್ಲಿ ಬರಬೇಕೋ ಅಲ್ಲೇ ಬರುತ್ತದೆ, ಬೆರಳು ಕೋವಿಯ ಕುದುರೆಗೆ ತಾನಾಗಿ ಹೋಗುತ್ತದೆ. ಅಪ್ಪ ಹಿಡಿದರೆ ಮೊಣಕೈ ಮಡಚಿ ಪಕ್ಕೆಗೆ ಅಂಟಿಕೊಳ್ಳುತ್ತದೆ. ನೀವು ಅದನ್ನು ಹೆಗಲಿಗೆ ಇಟ್ಟದ್ದನ್ನು ನಾನು ನೋಡಿಯೇ ಇಲ್ಲ. ಹಂದಿ ಓಡಿಸಲೂ ನೀವು ಪಟಾಕಿಯನ್ನೇ ಹಚ್ಚುತ್ತಿದ್ದಿರಿ.

ಮುತ್ತಜ್ಜ ಬಾಗಿಲಿಗೆ ತಲೆ ತಾಗುವಷ್ಟು ಎತ್ತರವಿದ್ದರು ಎಂದು ಕಥೆಯಲ್ಲೇ ಬರುತ್ತದೆ.

ಹಾಗಾದರೆ ಈ ಮರ ಕೊಯ್ದದ್ದು ಯಾರ ಹೆಗಲಿಗೆ?

ಉತ್ತರ ಕಾಯುವ,
ಸೌಜನ್ಯ


ಗೋಣಿಬೀಡು
4 ಜುಲೈ 1997

ಸೌಜನ್ಯ,

ನಿನ್ನ ಕಾಗದ ಬಂದ ದಿನದಿಂದ ಅಜ್ಜ ಸರಿಯಾಗಿ ಊಟ ಮಾಡುತ್ತಿಲ್ಲ. ಏನು ಬರೆದೆ ಎಂದು ಕೇಳಿದರೆ ಹೇಳುವುದಿಲ್ಲ. ಕಾಗದವನ್ನು ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು ತಿರುಗುತ್ತಾರೆ. ಎಪ್ಪತ್ತೇಳರ ಮುದುಕರನ್ನು ಹೀಗೆ ಗೋಳು ಹೊಯ್ದುಕೊಳ್ಳಲು ನಿನಗೆ ಏನು ಅಧಿಕಾರ? ನಿನಗೆ ಸೌಜನ್ಯ ಎಂದು ಹೆಸರಿಟ್ಟವನು ನಾನೇ. ನನ್ನ ಬಾಯಿಗೆ ಮಣ್ಣು ಹಾಕಿಕೊಂಡೆ.

ಕಲ್ಲು ಕೆತ್ತಿ ಮುಗಿದಿದೆ. ಆಮಂತ್ರಣ ಅಚ್ಚಿಗೆ ಹೋಗಿದೆ. ಅಧ್ಯಕ್ಷರು ದಾರಿಯಲ್ಲಿ ಸಿಕ್ಕಾಗಲೆಲ್ಲ, "ನಿಮ್ಮ ಹುಡುಗಿ ಏನೋ ಅಂದಿದ್ಲಲ್ಲ ಕಲ್ಲೇಶಪ್ಪ?" ಎಂದು ನಗುತ್ತಾರೆ. ಆ ನಗೆ ನಿಲ್ಲಬೇಕು. ಕೆಳಗಿನಷ್ಟನ್ನು ನಿನ್ನ ಕೈಯಲ್ಲಿ ಬರೆದು, ಸಹಿ ಹಾಕಿ ಕಳಿಸು. ಒಂದಕ್ಷರ ಕೂಡಿಸಬೇಡ:

'ನಾನು ತಿಳಿವಳಿಕೆ ಇಲ್ಲದೆ ನಮ್ಮ ಮನೆತನದ ಕೋವಿಯ ಬಗ್ಗೆ ಹಗುರವಾಗಿ ಆಡಿದೆ. ಹಿರಿಯರು ಹೇಳಿದ್ದೇ ಸತ್ಯ.'

ಕಳಿಸಿದ ಮರುದಿನ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಕಳಿಸದಿದ್ದರೆ ನನ್ನ ಹೊಸಿಲು ಮರೆತುಬಿಡು. ನಿನ್ನ ಅಮ್ಮ ಅಳುತ್ತಾಳೆ ಎಂದು ನಾನು ಮೆತ್ತಗಾಗುವವನಲ್ಲ.

ಕಲ್ಲೇಶ್


ಕಳಸ
10 ಜುಲೈ 1997

ಅಪ್ಪನಿಗೆ,

ನೀವು ಕಳಿಸಿದ ಎರಡು ಸಾಲು ಓದಿದೆ. ಮೊದಲ ಸಾಲಿನಲ್ಲಿ 'ತಿಳಿವಳಿಕೆ ಇಲ್ಲದೆ' ಎಂದಿದೆ. ತಿಳಿದೇ ಆಡಿದ್ದು. ತಿಳಿಸಿದವರನ್ನು ಮನೆಗೆ ಕರೆಸಿದವರು ನೀವು. ಎರಡನೇ ಸಾಲಿನಲ್ಲಿ 'ಹಿರಿಯರು ಹೇಳಿದ್ದೇ ಸತ್ಯ' ಎಂದಿದೆ. ಹಿರಿಯರಲ್ಲಿ ಹಿರಿಯರು ಅಜ್ಜ. ಅವರು ಈ ವಿಷಯದಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕೇಳಿಲ್ಲ. ನೀವು ಕೇಳಿದ್ದೀರಾ?

ನನ್ನದೂ ಎರಡು ಸಾಲು ಇದೆ. ಸಹಿ ಹಾಕಿ ಕಳಿಸಿದ್ದೇನೆ. ಬೇಕಾದರೆ ಕಮಿಟಿಯಲ್ಲಿ ಓದಿಸಿ:

'ನಮ್ಮ ಮನೆಯ ಕೋವಿಯ ಮೇಲೆ ಎರಡು ಬಾಣಗಳಿವೆ, ಮೂತಿಗೆ ಮೂತಿ. ಅದನ್ನು ಯಾರೂ ಕಿತ್ತುಕೊಂಡಿಲ್ಲ.'

ನೀವು ಸಂತೆಯಿಂದ ತಂದ ಏಲಕ್ಕಿಯಲ್ಲಿ ಒಂದು ಹಿಡಿ ಜೊಳ್ಳು ಬೆರೆತಿದ್ದರೂ ಮೂಟೆಯನ್ನೇ ವಾಪಸು ಕಳಿಸುತ್ತಿದ್ದಿರಿ. ಅದನ್ನು ನೋಡುತ್ತಾ ಬೆಳೆದವಳು ನಾನು. ನನ್ನ ಹಟವನ್ನು ಎಲ್ಲಿಂದಲೋ ಕಲಿತೆ ಎಂದುಕೊಳ್ಳಬೇಡಿ.

ಅಮ್ಮನಿಗೆ ಅಳಬೇಡ ಎಂದು ಹೇಳಿ. ಅಥವಾ ಅಳಲಿ ಬಿಡಿ, ಅದಾದರೂ ನಿಜ.

ಸೌಜನ್ಯ


ಕಳಸ
22 ಜುಲೈ 1997

ಪ್ರೀತಿಯ ಅಜ್ಜನಿಗೆ,

ನೀವು ಉತ್ತರ ಬರೆಯಲಿಲ್ಲ. ಗಿರಿಜಜ್ಜಿಯ ಮಾತು ಹೆಚ್ಚು ಕೇಳಬೇಡ ಎಂದು ಮೊದಲೇ ಬರೆದಿದ್ದಿರಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೊನ್ನೆ ಮಧ್ಯಾಹ್ನ ಅಂಗಡಿಯ ಮುಂದೆ ಕಲಾಯಿ ಹಾಕುವವರು ಒಲೆ ಹೂಡಿದ್ದರು. ಅಜ್ಜಿ ಮಣೆ ಹಾಕಿಕೊಂಡು ಕೂತು, ಒಳಗೆ ಬೆಳ್ಳಗಾದ ಹಂಡೆಗಳನ್ನು ತಿರುಗಿಸಿ ನೋಡುತ್ತಿದ್ದರು. ಅಪ್ಪನ ಕಾಗದವನ್ನು ನಾನು ಓದಿ ಹೇಳಿದೆ. 'ಹಿರಿಯರು ಹೇಳಿದ್ದೇ ಸತ್ಯ' ಎಂದಾಗ ಅಜ್ಜಿ ನಕ್ಕು ಕೆಮ್ಮಿದರು.

"ಯಾವ ಹಿರಿಯರಂತೆ? ನಮ್ಮಪ್ಪ ಚಳಿಜ್ವರದಲ್ಲಿ ಸತ್ತಾಗ ನಾನು ಮೊಲೆ ಕುಡಿಯೋ ಕೂಸು, ನಿಮ್ಮಜ್ಜ ಚಡ್ಡಿ ಹಾಕದ ಹುಡುಗ. ಅಪ್ಪ ಸಾಯೋವಾಗ ಮನೇಲಿ ಕೋವಿ ಎಲ್ಲಿತ್ತು? ಒಂದು ಒಳ್ಳೆ ಕತ್ತಿ ಇರ್ಲಿಲ್ಲ."

ನಾನು ಕಾಗದ ಕೆಳಗಿಟ್ಟೆ.

ಅಜ್ಜಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಎಲ್ಲಾದರೂ ತಪ್ಪಿದ್ದರೆ ನೀವೇ ತಿದ್ದಿ. ಮುತ್ತಜ್ಜ ತೀರಿಹೋದ ವರ್ಷವೇ ಮುತ್ತಜ್ಜಿಯ ಮೈದುನರು ಬಂದು, ಗದ್ದೆ ನಮಗೆ ಬಿಟ್ಟು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗು ಎಂದರು. ಮುತ್ತಜ್ಜಿ ಶಿವಗಂಗಮ್ಮ ಹೋಗಲಿಲ್ಲ. ಆಗ ಮೂಡಿಗೆರೆಯಲ್ಲಿ ಬಿಳಿ ದೊರೆಗಳ ಪಡೆಯವರು ಹಳೇ ಕೋವಿಗಳನ್ನು ಹರಾಜು ಹಾಕುತ್ತಿದ್ದರು. ಮುತ್ತಜ್ಜಿ ಸೊಂಟದ ಬೆಳ್ಳಿ ಡಾಬು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ನಡೆದುಹೋದರು. ಗಂಡಸರ ಗುಂಪಿನಲ್ಲಿ ನಿಂತು ಸವಾಲು ಕೂಗಿ ಕೋವಿ ಹಿಡಿದರು. ಹೊತ್ತುಕೊಂಡು ಬಂದು ಹೆಗಲಿಗಿಟ್ಟು ನೋಡಿದರೆ ಕೈ ಎಟುಕಲಿಲ್ಲ.

"ಅವ್ವ ಇದ್ದಿದ್ದೇ ಇಷ್ಟುದ್ದ, ನಿನ್ನ ಹಾಗೆ. ಸೀದಾ ಆಚಾರಿ ಮನೆಗೆ ಹೋಗಿ, ಇಷ್ಟು ಕೊಯ್ಯಪ್ಪ ಅಂದ್ಲು. ಅವನು, 'ಇದು ರಾಣಿ ಕೋವಿ ಕಣವ್ವಾ, ಕೊಯ್ದರೆ ಪಾಪ ಬರ್ತದೆ' ಅಂದ. 'ರಾಣಿ ಮಾರಿ ಆಯ್ತು. ಈಗ ನಂದು. ಕೊಯ್ಯಿ' ಅಂದ್ಲಂತೆ."

ಆ ವರ್ಷ ಸುಗ್ಗಿಗೆ ಮೈದುನರು ಗಾಡಿ ಕಟ್ಟಿಕೊಂಡು ಮುತ್ತಜ್ಜಿಯ ಕಣಕ್ಕೇ ಬಂದರು, ಭತ್ತ ತುಂಬಿಕೊಂಡು ಹೋಗಲು. ಮುತ್ತಜ್ಜಿ ರಾಶಿಯ ಪಕ್ಕದಲ್ಲಿ, ನೆಲದ ಮೇಲೆ, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೈಯಲಿಲ್ಲ, ಈಡು ಹೊಡೆಯಲಿಲ್ಲ, ಏಳಲೂ ಇಲ್ಲ. ಗಾಡಿಗಳು ಖಾಲಿ ಹೋದವು.

"ಅಮಲ್ದಾರ ಬಂದು, 'ಇದು ಯಾರ ಕೋವಿ' ಅಂದಾಗ ಅವ್ವ, 'ನಮ್ಮ ಯಜಮಾನರದ್ದು, ಬಿಟ್ಟುಹೋಗಿದ್ದು' ಅಂದ್ಲು. ಮುಂಡೆ ಕೈಲಿ ಕೋವಿ ಅಂದ್ರೆ ಮರುದಿನವೇ ಕಿತ್ಕೊಳ್ಳೋರು. ಅಲ್ಲಿಂದ ಶುರುವಾಯ್ತು ನೋಡು, ಅಪ್ಪನ ಕೋವಿ ಅನ್ನೋದು. ಆಮೇಲೆ ಬಂದೋರು ಅದಕ್ಕೊಬ್ಬ ಸಿಪಾಯಿನ ಸೇರಿಸಿದ್ರು, ಒಂದು ಘಾಟಿ ಸೇರಿಸಿದ್ರು."

ಒಂದು ವಿಷಯ ನನಗೆ ನುಂಗಲಾಗಲಿಲ್ಲ ಅಜ್ಜ. ಮುತ್ತಜ್ಜಿಯೂ ಸುಳ್ಳು ಹೇಳಿದರಲ್ಲ! ಅಜ್ಜಿಗೆ ಹಾಗೇ ಹೇಳಿದೆ. ಅವರು ಹಂಡೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ, "ಅವಳು ಹೇಳಿದ್ದು ಕೋವಿ ಉಳಿಸ್ಕೊಳ್ಳಕ್ಕೆ. ಈಗ ನಿನ್ನಪ್ಪ ಹೇಳ್ತಿರೋದು ಅವಳನ್ನೇ ಅಳಿಸಕ್ಕೆ. ಎರಡೂ ಒಂದೇ ಅಂತ ನಿನಗೆ ಅನಿಸಿದ್ರೆ ಪಿಯುಸಿ ಬಿಟ್ಟಿದ್ದು ಒಳ್ಳೇದೇ ಆಯ್ತು" ಎಂದರು.

ಸುಳ್ಳಿನ ಲೆಕ್ಕ ನನಗಿನ್ನೂ ಬಗೆಹರಿದಿಲ್ಲ. ಆದರೆ ಕಲ್ಲಿನದು ಬಗೆಹರಿದಿದೆ. ಅಲ್ಲಿ ಶಿವಗಂಗಮ್ಮನ ಹೆಸರಿಲ್ಲ. ಆಯುಧಪೂಜೆಗೆ ನನ್ನನ್ನು ದೂರ ನಿಲ್ಲಿಸಿ ನೀವೆಲ್ಲ ಕೈಮುಗಿಯುತ್ತಿದ್ದದ್ದು ಅವರ ಕೋವಿಗೆ. ಅದೂ ದೊರೆಗಳ ಮುದ್ರೆಗೆ ವಿಭೂತಿ ಹಚ್ಚಿ!

ನೀವು ಅವರ ಮಗ. ಶಾಲು ಹೊದ್ದುಕೊಳ್ಳುತ್ತೀರಾ?

ಶಿವಗಂಗಮ್ಮನ ಮರಿಮಗಳು,
ಸೌಜನ್ಯ


(ಅಂಚೆ ಕಾರ್ಡು)

ಗೋಣಿಬೀಡು
31 ಜುಲೈ 1997

ಚಿ. ಸೌಜನ್ಯ,

ಕಾಗದ ತಲುಪಿತು. ಆಗಸ್ಟ್ ಹದಿನೈದು ಕಳೆಯುವವರೆಗೆ ಬರೆಯಬೇಡ. ಗಿರಿಜೆ ಒಂದು ಕಡೆ ತಪ್ಪು ಹೇಳಿದ್ದಾಳೆ. ಅವ್ವ ಕಣದಲ್ಲಿ ಕೂತದ್ದು ನೆಲದ ಮೇಲಲ್ಲ, ಮೊರ ಬೋರಲು ಹಾಕಿಕೊಂಡು ಅದರ ಮೇಲೆ.

ಲಿಂಗಪ್ಪ


ಕಳಸ
8 ಆಗಸ್ಟ್ 1997

ಅಜ್ಜನಿಗೆ,

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ನಿಮ್ಮ ಕಾರ್ಡನ್ನು ಅಂಚೆಯವನೂ ಓದಿದ್ದಾನೆ, ಅಂಗಡಿಗೆ ಬಂದವರೂ ಓದಿದ್ದಾರೆ. ಯಾರಿಗೂ ಏನೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಮೊರದ ಮೇಲೆ ಎಂದು ತಿದ್ದಬೇಕಾದರೆ ನೀವು ಅದನ್ನು ನೋಡಿದ್ದಿರಿ.

ಆಮಂತ್ರಣ ಇಲ್ಲಿಗೂ ಬಂದಿದೆ. ನಿಮ್ಮ ಹೆಸರಿನ ಮುಂದೆ 'ವೀರಪುತ್ರ' ಎಂದು ಅಚ್ಚಾಗಿದೆ. ಗಿರಿಜಜ್ಜಿ ಅದನ್ನು ಮಡಚಿ ತಕ್ಕಡಿಯ ಒಂದು ತಟ್ಟೆಯ ಕೆಳಗಿಟ್ಟರು. ಆ ತಟ್ಟೆ ಸ್ವಲ್ಪ ವಾಲುತ್ತಿತ್ತು.

ಅಪ್ಪ ಮತ್ತೆ ಹೇಳಿಕಳಿಸಿದ್ದಾರೆ, ಒಂದೇ ಸಾಲು ಸಾಕಂತೆ. ಇಲ್ಲ. ನಾನು ಸಮಾರಂಭಕ್ಕೂ ಬರುವುದಿಲ್ಲ. ಬಂದರೆ ಸುಮ್ಮನಿರಲು ಆಗುವುದಿಲ್ಲ. ಈ ಸಲ ಹೇಳಬೇಕಾದವಳು ನಾನಲ್ಲ.

ಸೌಜನ್ಯ


ಗೋಣಿಬೀಡು
17 ಆಗಸ್ಟ್ 1997

ಚಿ. ಸೌಜನ್ಯಳಿಗೆ ಆಶೀರ್ವಾದ.

ಪೇಪರಿನಲ್ಲಿ ಏನೂ ಬರುವುದಿಲ್ಲ, ಬಂದರೂ ಅರ್ಧ ಬರುತ್ತದೆ. ನಡೆದದ್ದನ್ನು ನಾನೇ ಬರೆಯುತ್ತೇನೆ.

ವೇದಿಕೆಯ ಮೇಲೆ ಮೇಜಿಗೆ ಹಸಿರು ಬಟ್ಟೆ ಹಾಸಿ, ಕೋವಿಗೆ ಸೇವಂತಿಗೆ ಸರ ಸುತ್ತಿದ್ದರು. ಅಧ್ಯಕ್ಷರು ಹಾಲಪ್ಪನ ಶೌರ್ಯದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅವರ ಬಾಯಲ್ಲಿ ಸಿಪಾಯಿಗಳು ಮೂವರಾಗಿದ್ದರು. ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ, ಸುಳ್ಳು ಹೇಳುವುದಿಲ್ಲ. ಚಳಿಯೂ ಇತ್ತು.

ಆಗ ಫೋಟೋ ತೆಗೆಯುವ ಹುಡುಗ, "ಅಜ್ಜಾರೆ, ಕೋವಿ ಸ್ವಲ್ಪ ಹೆಗಲಿಗೇರ್ಸಿ, ಗುರಿ ಹಿಡಿದ ಹಾಗೆ" ಎಂದ.

ಏರಿಸಿದೆ. ಮೊಣಕೈ ಪಕ್ಕೆಗೆ ಬಂದು ಸಿಕ್ಕಿಹಾಕಿಕೊಂಡಿತು, ಮೂಗು ಕಬ್ಬಿಣಕ್ಕೆ ತಾಗಿತು. "ಹೀಗಲ್ಲ ಅಪ್ಪಯ್ಯ, ತಾಳಿ" ಎಂದು ಕಲ್ಲೇಶ ಬಂದು ತಾನು ಹಿಡಿದು ತೋರಿಸಿದ. ಅವನಿಗೂ ಹಾಗೇ ಆಯಿತು. ಮುಂದಿನ ಸಾಲಿನಿಂದ ನಮ್ಮೂರ ಅಕ್ಕಿ ಮಿಲ್ಲಿನ ಜವರಯ್ಯ, "ಎಂಥ ಮಾರಾಯ್ರೆ, ಕೋವಿ ಗಿಡ್ಡವೋ ವಂಶ ಉದ್ದವೋ?" ಎಂದು ಕೂಗಿದ. ಎಲ್ಲರೂ ನಕ್ಕರು. ಕಲ್ಲೇಶನ ಮುಖ ಕೆಂಪಾಯಿತು.

ನನಗೆ ಆಗ ನಿನ್ನ ಪ್ರಶ್ನೆ ಬಿಟ್ಟು ಬೇರೇನೂ ನೆನಪಾಗಲಿಲ್ಲ. ಅದನ್ನು ಓದಿದ ದಿನ ನನಗೆ ಸಿಟ್ಟು ಬಂದಿತ್ತು. ಸಿಟ್ಟು ಇಳಿದ ಮೇಲೂ ಪ್ರಶ್ನೆ ಉಳಿದಿತ್ತು. ಮೈಕಿನ ಹತ್ತಿರ ಹೋಗಿ ಹೇಳಿದೆ: "ಇದು ನನ್ನ ಹೆಗಲಿಗೆ ಕೂರಲ್ಲ. ನನ್ನ ಮಗನ ಹೆಗಲಿಗೂ ಕೂರಲ್ಲ. ನನ್ನ ಅಪ್ಪನ ಹೆಗಲು ನನಗೆ ನೆನಪಿಲ್ಲ, ಅವರು ಇದನ್ನು ನೋಡೇ ಇಲ್ಲ. ಅವ್ವನ ಹೆಗಲು ನೆನಪಿದೆ. ಇದನ್ನು ಕೊಯ್ಸಿದ್ದು ಆ ಹೆಗಲಿಗೆ. ಘಾಟಿ ಇಲ್ಲ, ಸಿಪಾಯಿ ಇಲ್ಲ. ಹರಾಜಿನಲ್ಲಿ ಕೊಂಡಳು. ಕೊಂಡು ಕಣದಲ್ಲಿ ಕೂತಳು. ನಾವು ಉಂಡ ಅನ್ನ ಅದು."

ಮೈಕು ಕುಂಯ್ ಎಂದಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಧ್ಯಕ್ಷರು ಸುಬೇದಾರ್ ದೇವರಾಜರ ಕಡೆ ತಿರುಗಿ, "ಹೌದಾ?" ಎಂದರು. "ಈಗ ಕೇಳಿದ್ರಲ್ಲ, ಹೌದು" ಎಂದರು ಅವರು.

ಹೆಂಗಸರ ಕಡೆಯಿಂದ ಮುತ್ತಮ್ಮ ಎದ್ದು ನಿಂತಳು. ನಮ್ಮ ಕೇರಿಯಲ್ಲಿ ನನಗಿಂತ ಹಿರಿಯಳು ಅವಳೊಬ್ಬಳೇ. "ಕಣದ ಶಿವಗಂಗವ್ವ ಅಂತ ನಮ್ಮವ್ವ ಹೇಳ್ತಿದ್ಲು. ಗದ್ದೆ ತಂಟೆ ಬಂದಾಗೆಲ್ಲ ನಾವು ಆ ಹೆಸರೇ ಹೇಳೋದು" ಎಂದಳು. "ಮತ್ತೆ ಇಷ್ಟು ವರ್ಷ ಯಾಕವ್ವ ಹೇಳ್ಲಿಲ್ಲ?" ಎಂದು ಅಧ್ಯಕ್ಷರು ಗದರಿದರು. "ನಮ್ಮನ್ನ ಯಾರು ಕೇಳಿದ್ರು?" ಎಂದಳು.

ಶಾಲನ್ನು ಮಡಚಿ ಮೇಜಿನ ಮೇಲಿಟ್ಟು, ಕೋವಿ ಹಿಡಿದುಕೊಂಡು ನಡೆದೇ ಮನೆಗೆ ಬಂದೆ. ನಿಲ್ಲಿಸದೆ ಬಿಟ್ಟ ಕಲ್ಲು ಪಂಚಾಯಿತಿಯ ಮುಂದೆ ಬೋರಲಾಗಿ ಬಿದ್ದಿದೆ. ಹಿಂದಿನ ಮೈ ನುಣ್ಣಗಿದೆ, ಬಟ್ಟೆ ಒಗೆಯಲು ಒಳ್ಳೆಯದು ಎಂದು ಜವರಯ್ಯ ಹೇಳಿಕೊಂಡು ತಿರುಗುತ್ತಿದ್ದಾನೆ.

ಕಲ್ಲೇಶ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಊಟಕ್ಕೆ ಬರುತ್ತಾನೆ, ಗೋಡೆ ನೋಡುತ್ತಾ ಉಣ್ಣುತ್ತಾನೆ. ಕ್ಷಮಾಪಣೆ ಬಾರದೆ ನಿನಗೆ ಬಾಗಿಲು ತೆಗೆಯುವುದಿಲ್ಲ ಎಂಬ ಮಾತು ಅವನು ಹಿಂತೆಗೆದುಕೊಂಡಿಲ್ಲ. ಅಗುಳಿ ಈಗಲೂ ಅವನ ಕೈಯಲ್ಲಿದೆ. ನಿನ್ನ ಅಪ್ಪನಿಗೆ ನಾನು ಆಜ್ಞೆ ಮಾಡಬಲ್ಲೆ. ಮಾಡುವುದಿಲ್ಲ. ನನ್ನಿಂದಾಗಿ ಅವನು ಊರೆದುರು ತಲೆ ತಗ್ಗಿಸಿದ್ದಾನೆ, ಅದು ಸಣ್ಣದಲ್ಲ.

ಏನು ಮಾಡುತ್ತೀಯೋ ನೀನೇ ನೋಡು. ಕೋವಿಗೆ ಎಣ್ಣೆಯಿಲ್ಲ.

ಶಿವಗಂಗಮ್ಮನ ಮಗ,
ಲಿಂಗಪ್ಪ


ಕಳಸ
23 ಆಗಸ್ಟ್ 1997

ಪ್ರೀತಿಯ ಅಜ್ಜನಿಗೆ,

ನಿಮ್ಮ ಕಾಗದವನ್ನು ಗಿರಿಜಜ್ಜಿ ನನ್ನಿಂದ ಮತ್ತೆ ಮತ್ತೆ ಓದಿಸಿದರು. ಮೊರದ ವಿಷಯ ಮಾತ್ರ ಒಪ್ಪುವುದಿಲ್ಲವಂತೆ. ಅವ್ವ ಕೂತದ್ದು ನೆಲದ ಮೇಲೇ ಎನ್ನುತ್ತಾರೆ. ನೀವಿಬ್ಬರೂ ಜಗಳವಾಡಿಕೊಳ್ಳಿ.

ಬುಧವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಕ್ಷಮಾಪಣೆ ತರುತ್ತಿಲ್ಲ. ಒಂದು ಸೀಸೆ ಎಣ್ಣೆ, ಹಳೆಯ ಹತ್ತಿ ಬಟ್ಟೆ, ತುಕ್ಕು ತಿಕ್ಕಲು ನಯವಾದ ಮರಳುಕಾಗದ ತರುತ್ತಿದ್ದೇನೆ. ಅಮ್ಮನಿಗೊಂದು ಕಲಾಯಿ ಹಾಕಿದ ಹಂಡೆಯೂ ಇದೆ.

ಈ ವರ್ಷದ ಆಯುಧಪೂಜೆಗೆ ನಾನು ದೂರ ನಿಲ್ಲುವುದಿಲ್ಲ. ವಿಭೂತಿ ನಾನೇ ಹಚ್ಚುತ್ತೇನೆ. ಬಾಣಕ್ಕಲ್ಲ, ಅದು ಗುದ್ದಲಿಗೂ ಹೊಡೆಯುವ ಮುದ್ರೆ. ಹಿಂದೆ ಗರಗಸ ಆಡಿದ ಗೀರಿದೆಯಲ್ಲ, ಅಲ್ಲಿಗೆ.

ಅಪ್ಪನಿಗೆ ಈ ಕಾಗದ ತೋರಿಸಿ. ಬಚ್ಚಿಡಬೇಡಿ. ಬಾಗಿಲು ತೆಗೆಯಿರಿ ಎಂದು ನಾನು ಕೂಗುವುದಿಲ್ಲ, ಅಳುವುದೂ ಇಲ್ಲ. ತೆಗೆಯದಿದ್ದರೆ ಕೋವಿಯನ್ನು ಕಿಟಕಿಯಿಂದ ಕೊಡಿ. ಒರೆಸಬೇಕು. ಜಗಲಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತೇನೆ.

ಅಲ್ಲೊಂದು ಮೊರ ಇಟ್ಟಿರಿ.

ಸೌಜನ್ಯ